ನಂಬಿದವರ ಬಗ್ಗೆ ಹೊಸದೊಂದು ಗೊತ್ತಾದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಕರಾರು ಪತ್ರ, ಪಾಲು ಪತ್ರ, ಅರ್ಜಿ ಬರೆದುಕೊಡೋದು ನನ್ನ ಕೆಲಸ. ಬರುವವರಲ್ಲಿ ಬಹಳ ಜನಕ್ಕೆ ಕಾಗದಕ್ಕಿಂತ ಮುಂಚೆ ಮಾತು ಬೇಕಾಗಿರುತ್ತೆ. "ಇಷ್ಟ್ ವರ್ಷ ನಂಬಿದ್ನಿರಿ, ಈಗ ಹಿಂಗ ಗೊತ್ತಾಗ್ಯಾದ, ಏನ್ ಮಾಡ್ಲಿ?" ಅಂತ ಶುರು ಮಾಡುತ್ತಾರೆ. ಬೀದರ್‌ನವರಿರಲಿ, ಯಾದಗಿರಿಯವರಿರಲಿ, ಕೇಳೋದು ಹೆಚ್ಚು ಕಮ್ಮಿ ಅದೇ ಪ್ರಶ್ನೆಗಳು. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ವಕೀಲನಲ್ಲ, ಮನಸ್ಸಿನ ಡಾಕ್ಟರೂ ಅಲ್ಲ. ಕೇಸು ಹಾಕುವ ಮಟ್ಟಕ್ಕೆ ಬಂದಿದ್ದರೆ ಇದನ್ನು ಓದುತ್ತಾ ಕೂರಬೇಡಿ, ವಕೀಲರ ಹತ್ತಿರ ಹೋಗಿ.

ಒಂದೇ ಒಂದು ವಿಷಯ ಗೊತ್ತಾಯ್ತು, ಎಷ್ಟೋ ವರ್ಷದ ನಂಬಿಕೆ ಒಂದೇ ದಿನಕ್ಕೆ ಹೋಯ್ತು. ನಾನೇ ಜಾಸ್ತಿ ಮಾಡ್ತಿದ್ದೀನಾ?

ಇಲ್ಲ. ಕೆಟ್ಟ ಸುದ್ದಿಗೆ ತೂಕ ಜಾಸ್ತಿ, ಅದಕ್ಕೆ ಕಾರಣವೂ ಇದೆ. ಪ್ರಾಮಾಣಿಕ ಮನುಷ್ಯ ದಿನಾ ಲೆಕ್ಕ ಸರಿ ಕೊಡುತ್ತಾನೆ. ಕಳ್ಳನೂ ಹೆಚ್ಚಿನ ದಿನ ಸರಿಯಾಗಿಯೇ ಕೊಡುತ್ತಾನೆ, ಇಲ್ಲದಿದ್ದರೆ ಅವನ ಅಂಗಡಿ ನಡೆಯೋದಿಲ್ಲ. ಹಾಗಾಗಿ ನೂರು ಸಲ ಸರಿ ಲೆಕ್ಕ ಕೊಟ್ಟರೂ ಮನುಷ್ಯ ಎಂಥವನು ಅಂತ ಪೂರ್ತಿ ಗೊತ್ತಾಗೋದಿಲ್ಲ, ಒಂದು ಸಲ ಬೇಕಂತಲೇ ತಪ್ಪು ಕೊಟ್ಟರೆ ಬಹಳಷ್ಟು ಗೊತ್ತಾಗುತ್ತೆ. "ಬೇಕಂತಲೇ" ಅನ್ನೋದನ್ನು ಗಮನಿಸಿ. ಅದು ಬೇಕಂತಲೇ ಆಗಿದ್ದಾ, ಕೈತಪ್ಪಿ ಆಗಿದ್ದಾ ಅನ್ನೋದು ಇತ್ಯರ್ಥವಾಗುವ ತನಕ ಆ ಒಂದು ಸಲಕ್ಕೂ ಪೂರ್ತಿ ತೂಕ ಕೊಡಬೇಡಿ.

ಈಗ ಯೋಚನೆ ಮಾಡಿದರೆ ಮೊದಲಿಂದಲೂ ಎಲ್ಲ ಸೂಚನೆ ಇತ್ತು ಅನ್ನಿಸ್ತಿದೆ. ನಾನು ಅಷ್ಟು ದಡ್ಡನಾ?

ಸೂಚನೆ ಇದ್ದಿರಬಹುದು. ಆದರೆ ಅಷ್ಟೊಂದು ಇರಲಿಲ್ಲ. 1975ರಲ್ಲಿ ಬರೂಖ್ ಫಿಶಾಫ್ ಅನ್ನೋ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗ ಪ್ರಕಟಿಸಿದ. 1814ರಲ್ಲಿ ಬ್ರಿಟಿಷರಿಗೂ ಗೂರ್ಖಾಗಳಿಗೂ ಆದ ಯುದ್ಧದ ಬಗ್ಗೆ ಜನಕ್ಕೆ ಓದಲು ಕೊಟ್ಟು, ಒಂದು ಗುಂಪಿಗೆ ಬ್ರಿಟಿಷರು ಗೆದ್ದರು ಅಂತಲೂ ಇನ್ನೊಂದಕ್ಕೆ ಗೂರ್ಖಾಗಳು ಗೆದ್ದರು ಅಂತಲೂ ಹೇಳಿದರು. ಯಾರಿಗೆ ಏನು ಹೇಳಿದ್ದರೋ ಅವರಿಗೆ ಅದೇ ಆಗೋದಿತ್ತು ಅನ್ನಿಸಿತು. ಓದಿದ್ದು ಒಂದೇ ಪುಟ!

ನಿಮಗೂ ಅದೇ ಆಗ್ತಿದೆ. ಅವತ್ತು ಮದುವೆ ಮನೆಯಲ್ಲಿ ಅವರು ಮಾತು ಮರೆಸಿದ್ದು, ದೀಪಾವಳಿಗೆ ಫೋನ್ ಎತ್ತದೇ ಇದ್ದದ್ದು, ಎಲ್ಲಕ್ಕೂ ಈಗ ಹೊಸ ಅರ್ಥ ಬರುತ್ತಿದೆ. ಕೆಲವು ನಿಜವೂ ಇರಬಹುದು. ಫೋನ್ ಎತ್ತದೇ ಇದ್ದದ್ದು ಸುಮ್ನೆ ಫೋನ್ ಎತ್ತದೇ ಇದ್ದದ್ದೇ ಇರಬಹುದು.

ಸುದ್ದಿ ಬಂದ ದಿನ ಮೊದಲು ಏನು ಮಾಡಬೇಕು?

ಏನೂ ಮಾಡಬೇಡಿ. ಒಂದು ಹಾಳೆ ತಗೊಂಡು ಬರೆಯಿರಿ: ಕಣ್ಣಾರೆ ಕಂಡದ್ದು ಏನು, ಯಾರಿಂದಲೋ ಕೇಳಿದ್ದು ಏನು, ನಾನೇ ಕೂಡಿಸಿಕೊಂಡದ್ದು ಏನು. ಬೇರೆ ಬೇರೆ ಬರೆಯಿರಿ. ನನ್ನ ಮುಂದೆ ಕೂತು ಹೀಗೆ ಬರೆದವರಲ್ಲಿ ಹೆಚ್ಚಿನವರಿಗೆ ಮೂರನೆಯದೇ ಎಲ್ಲಕ್ಕಿಂತ ಉದ್ದ ಆಗುತ್ತೆ.

ಒಂದು ಉದಾಹರಣೆ ಕೊಡ್ತೀನಿ. ತವರಿನ ಹೊಲದ ಪಹಣಿ (ಜಮೀನಿನ ಸರ್ಕಾರಿ ದಾಖಲೆ) ಮೊಬೈಲ್‌ನಲ್ಲಿ ತೆಗೆದು ನೋಡಿದ ಹೆಣ್ಣುಮಗಳು, ಕಾಲಂ 9ರಲ್ಲಿ ಬರೀ ಅಣ್ಣನ ಹೆಸರು ಕಂಡು ಅಳುತ್ತಾ ಬಂದಿದ್ದಾಳೆ ಅಂತಿಟ್ಟುಕೊಳ್ಳಿ. ಕಂಡದ್ದು: ಪಹಣಿಯಲ್ಲಿ ಒಬ್ಬನದೇ ಹೆಸರಿದೆ. ಕೂಡಿಸಿಕೊಂಡದ್ದು: ಅಣ್ಣ ನನ್ನ ಪಾಲು ನುಂಗಿದ. ಇವೆರಡರ ನಡುವೆ ಬಹಳ ದೂರ ಇದೆ. ನಮ್ಮ ಕಡೆ ಅಪ್ಪ ತೀರಿದ ಮೇಲೆ ಬ್ಯಾಂಕಿನ ಬೆಳೆ ಸಾಲ ತಪ್ಪಬಾರದು ಅಂತ ಹಿರಿಯ ಮಗನ ಹೆಸರಿಗೆ ಪೌತಿ ಖಾತೆ (ತೀರಿದವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸೋದು) ಮಾಡಿಸೋದು ಮಾಮೂಲು, ಎಷ್ಟೋ ಕಡೆ ಎಲ್ಲರ ಒಪ್ಪಿಗೆಯಿಂದಲೇ ಆಗಿರುತ್ತೆ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಬರೋದೂ ಇಲ್ಲ, ಹೆಸರಿಲ್ಲ ಅಂದ ಮಾತ್ರಕ್ಕೆ ಹಕ್ಕು ಹೋಗೋದೂ ಇಲ್ಲ. 2005ರ ತಿದ್ದುಪಡಿ ಬಂದ ಮೇಲೆ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ತಿದ್ದುಪಡಿ ಬಂದಾಗ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ.

ಹಾಗಾದರೆ ಅಣ್ಣ ಒಳ್ಳೆಯವನಾ? ಅದೂ ಇನ್ನೂ ಗೊತ್ತಿಲ್ಲ. ಮ್ಯುಟೇಶನ್, ಅಂದರೆ ಖಾತೆ ಬದಲಾವಣೆ, ಯಾವ ಆಧಾರದ ಮೇಲೆ ಆಗಿದೆ ನೋಡಬೇಕು. ನಿಮ್ಮ ಸಹಿ ಇರುವ ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಿದೆಯಾ ನೋಡಬೇಕು. ಆಗಿದ್ದರೆ, ಆ ಸಹಿ ಮಾಡಿಸಿದ ದಿನ "ಬ್ಯಾಂಕಿನ ಕಾಗದ, ಇಲ್ಲೊಂದು ಸಹಿ ಹಾಕವ್ವಾ" ಅಂದಿದ್ದರಾ, ಇಲ್ಲಾ ಓದಿ ಹೇಳಿದ್ದರಾ ಅಂತ ನೆನಪು ಮಾಡಿಕೊಳ್ಳಬೇಕು. ಅಣ್ಣ ಎಂಥವನು ಅನ್ನೋದು ಅಲ್ಲಿ ಗೊತ್ತಾಗುತ್ತೆ, ಕಾಲಂ 9ರಲ್ಲಿ ಅಲ್ಲ. ಕಾಲಂ 11ನ್ನೂ ಒಂದು ಸಲ ನೋಡಿ, ಹೊಲದ ಮೇಲಿನ ಸಾಲ ಅಲ್ಲಿರುತ್ತೆ. ಅಣ್ಣ ಯಾಕೆ ಈ ವಿಷಯ ಎತ್ತಿದರೆ ಸಿಟ್ಟಾಗ್ತಾನೆ ಅನ್ನೋದಕ್ಕೆ ಎಷ್ಟೋ ಸಲ ಉತ್ತರ ಅಲ್ಲೇ ಸಿಕ್ಕಿದೆ: ತಂಗಿಯ ಪಾಲು ನುಂಗುವ ಆಸೆ ಏನಿಲ್ಲ, ಸಾಲ ಮಾಡಿದ್ದು ಹೇಳೋಕೆ ನಾಚಿಕೆ ಅಷ್ಟೇ.

ಕೈಯಲ್ಲಿ ಕಾಗದವೇ ಇದೆ, ಅವರದೇ ಸಹಿ ಇದೆ. ಇನ್ನೇನು ಬೇಕು?

ಇನ್ನೂ ಬೇಕು. ಬೀದರ್‌ನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಊರ ನಡುವೆ ಒಂದೇ ಮಿನಾರು ಉಳಿದಿರುವ ಮದರಸಾ ನಿಂತಿದೆ. ಅದನ್ನು 1472ರಲ್ಲಿ ಕಟ್ಟಿಸಿದ ಮಹಮೂದ್ ಗವಾನ್ ಬಹಮನಿ ರಾಜ್ಯದ ವಜೀರ. ಇರಾನಿನ ಗೀಲಾನ್ ಕಡೆಯಿಂದ ಬಂದವನು. ಸುಲ್ತಾನ ಮೂರನೇ ಮುಹಮ್ಮದ್ ಶಾ ಚಿಕ್ಕ ವಯಸ್ಸಿನಲ್ಲೇ ಪಟ್ಟಕ್ಕೆ ಬಂದವನು, ರಾಜ್ಯದ ಭಾರವೆಲ್ಲ ಈ ವಜೀರನ ಮೇಲಿತ್ತು. ಅವನು ಸರದಾರರ ಅಧಿಕಾರಕ್ಕೆ ಕಡಿವಾಣ ಹಾಕಿದ, ಅವರಿಗೆ ಹೊಟ್ಟೆಕಿಚ್ಚು ಹುಟ್ಟಿತು. ಹಳೇ ಚರಿತ್ರೆಕಾರರು ಬರೆದ ಪ್ರಕಾರ, ಅವರು ಗವಾನನ ಮುದ್ರೆ ಇಟ್ಟುಕೊಂಡಿದ್ದವನ ಸ್ನೇಹ ಬೆಳೆಸಿ, ಕುಡಿಸಿ, ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಅದರ ಮೇಲೆ ಒಡಿಶಾದ ರಾಜನಿಗೆ ದಂಡೆತ್ತಿ ಬಾ ಅಂತ ಕರೆಯುವ ಪತ್ರ ಬರೆದರು. ಪತ್ರ ಸುಲ್ತಾನನ ಕೈಗೆ ಹೋಯಿತು. ಗವಾನನನ್ನು ಕರೆಸಿ ಕೇಳಿದಾಗ, ಮುದ್ರೆ ತನ್ನದೇ ಅಂತ ಒಪ್ಪಿಕೊಂಡ, ಬರಹ ತನ್ನದಲ್ಲ ಅಂದ. ಸುಲ್ತಾನ ಅಲ್ಲೇ ಕೊಲ್ಲಿಸಿದ. ಅದು 1481ರ ಏಪ್ರಿಲ್.

ಆಮೇಲೆ ವಿಚಾರಣೆ ಮಾಡಿಸಿದರು. ಆಮೇಲೆ! ಪತ್ರ ನಕಲಿ ಅಂತ ಗೊತ್ತಾಯಿತು. ವಜೀರನ ಮನೆಯಲ್ಲಿ ಹೇಳಿಕೊಳ್ಳುವಂಥ ಸಂಪತ್ತೂ ಸಿಗಲಿಲ್ಲ. ಸುಲ್ತಾನ ಒಂದು ವರ್ಷದೊಳಗೆ ತೀರಿಕೊಂಡ. ಆಮೇಲಿನ ಕೆಲವು ದಶಕಗಳಲ್ಲಿ ರಾಜ್ಯ ಐದು ಹೋಳಾಯಿತು.

ಮುದ್ರೆ ಅಸಲಿ, ಬರಹ ನಕಲಿ. ಈಗಲೂ ನನ್ನ ಮುಂದೆ ಬರುವ ಎಷ್ಟೋ ಜಗಳಗಳ ಕಥೆ ಇಷ್ಟೇ. ಖಾಲಿ ಬಾಂಡ್ ಪೇಪರಿನ ಮೇಲೆ ಸಹಿ, ಖಾಲಿ ಚೆಕ್ಕಿನ ಮೇಲೆ ಸಹಿ. ಸಹಿ ಅವರದ್ದೇ ಅಂತ ಸಾಬೀತು ಮಾಡೋಕೆ ನಾವು ಬೆವರು ಸುರಿಸುತ್ತೇವೆ, ಮೇಲಿನ ಬರಹ ಯಾರದ್ದು, ಯಾವಾಗಿನದ್ದು ಅಂತ ಯಾರೂ ಕೇಳೋದಿಲ್ಲ.

ಹಾಗಾದರೆ ಯಾವುದನ್ನು ನಂಬೋದು?

ಇದಕ್ಕೂ ನಮ್ಮ ಊರಿನ ಕಡೆಯದೇ ಉತ್ತರ ಇದೆ. ಮಿತಾಕ್ಷರ ಅನ್ನೋ ಧರ್ಮಶಾಸ್ತ್ರದ ಗ್ರಂಥ ಬರೆದ ವಿಜ್ಞಾನೇಶ್ವರ ಕಲ್ಯಾಣದ ಆರನೇ ವಿಕ್ರಮಾದಿತ್ಯನ ಕಾಲದವನು. ಆ ರಾಜ ಆಳಿದ್ದು 1076ರಿಂದ 1126ರವರೆಗೆ. ವಿಜ್ಞಾನೇಶ್ವರ ಕಲಬುರಗಿ ಜಿಲ್ಲೆಯ ಮರತೂರಿನವನು ಅಂತ ಇಲ್ಲಿನವರು ಅಭಿಮಾನದಿಂದ ಹೇಳುತ್ತಾರೆ. ಅವನು ವಿವರಿಸಿದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಪ್ರಮಾಣ ಅಂದರೆ ಲಿಖಿತ, ಭುಕ್ತಿ, ಸಾಕ್ಷಿ. ಬರೆದದ್ದು, ಅನುಭವಿಸಿಕೊಂಡು ಬಂದದ್ದು, ನೋಡಿದವರು. ಈ ಮೂರರಲ್ಲಿ ಒಂದೂ ಇಲ್ಲದಿದ್ದಾಗ ಮಾತ್ರ ದಿವ್ಯ, ಅಂದರೆ ಬೆಂಕಿ, ನೀರಿನಂಥ ಪರೀಕ್ಷೆ.

ಭುಕ್ತಿಯನ್ನು ಜನ ಮರೆತೇಬಿಡುತ್ತಾರೆ. ಅಣ್ಣ ಪ್ರತಿ ವರ್ಷ ತೊಗರಿ ಮಾರಿದ ಮೇಲೆ ತಂಗಿಗೆ ದುಡ್ಡು ಕಳಿಸಿದ್ದಾನಾ? ಪಂಚಮಿಗೆ ಕರೆದಿದ್ದಾನಾ, ಬರೀ ಸೀರೆ ಉಡಿಸಿ ಕಳಿಸಿದ್ದಾನಾ, ಇಲ್ಲಾ "ಇದು ನಿನ್ನ ಪಾಲಿಂದು" ಅಂತ ಕೈಗೆ ಹಾಕಿದ್ದಾನಾ? ಕಾಗದ ಒಂದು ಮಾತು ಹೇಳಿ ನಡೆದುಕೊಂಡು ಬಂದ ರೀತಿ ಇನ್ನೊಂದು ಹೇಳಿದರೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ವಾಟ್ಸಾಪ್ ಸ್ಕ್ರೀನ್‌ಶಾಟ್ ಸಿಕ್ಕಿದೆ. ಸಾಕಲ್ವಾ?

ಸಾಲದು. ಹೆಸರು ಬದಲಿಸಿ ನಂಬರ್ ಸೇವ್ ಮಾಡಿ ಚಾಟ್ ಮಾಡಿದರೆ ಯಾರ ಹೆಸರಲ್ಲಿ ಬೇಕಾದರೂ ಸ್ಕ್ರೀನ್‌ಶಾಟ್ ತಯಾರಾಗುತ್ತೆ, ಅದಕ್ಕೆ ಸಾಫ್ಟ್‌ವೇರೂ ಬೇಡ. ಫೋನನ್ನೇ ನೋಡಿ. ಹಿಂದಿನ ಮುಂದಿನ ಮೆಸೇಜು ಓದಿ, "ಆಯ್ತು" ಅಂದಿದ್ದು ಯಾವ ಪ್ರಶ್ನೆಗೆ ಅನ್ನೋದು ಅಲ್ಲಿರುತ್ತೆ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ಇಂಥ ದಾಖಲೆಯ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಜೊತೆಗೆ ಪ್ರಮಾಣಪತ್ರ ಬೇಕು. ಕೋರ್ಟೇ ಸುಮ್ನೆ ಒಪ್ಪಲ್ಲ, ನೀವ್ಯಾಕೆ ಒಪ್ಪುತ್ತೀರಿ?

ಹೇಳಿದವನು ನಮ್ಮವನೇ. ಅವನಿಗೆ ಸುಳ್ಳು ಹೇಳಿ ಏನಾಗಬೇಕು?

ಅದನ್ನೇ ಕೇಳಿಕೊಳ್ಳಿ, ಏನಾಗಬೇಕು ಅಂತ. ಬಸವಣ್ಣ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿ ಆಗಿದ್ದಾಗ, ಭಂಡಾರದ ಹಣ ಜಂಗಮರಿಗೆ ಹೋಗ್ತಿದೆ ಅಂತ ರಾಜನ ಕಿವಿ ಊದಿದವನು ಕೊಂಡಿ ಮಂಚಣ್ಣ ಅಂತ ಶರಣರ ಕಥೆಗಳು ಹೇಳುತ್ತವೆ. ಅದೇ ಕಥೆಯಲ್ಲಿ ಬಿಜ್ಜಳ ಲೆಕ್ಕ ತೆಗೆಸಿ ನೋಡುತ್ತಾನೆ, ಲೆಕ್ಕ ಸರಿ ಇರುತ್ತೆ. ಬಿಜ್ಜಳ ಮುಂದೆ ಏನೇ ಮಾಡಿರಲಿ, ಆ ಒಂದು ಕೆಲಸ ಸರಿ ಮಾಡಿದ. ಮೊದಲು ಲೆಕ್ಕ ತೆಗೆಸಿದ.

ಆದರೆ ಒಂದು ಮಾತು. ಚಾಡಿ ಹೇಳುವವನು ನಿಜ ಹೇಳೋದೇ ಇಲ್ಲ ಅಂತೇನಿಲ್ಲ. ಹೊಟ್ಟೆಕಿಚ್ಚಿನಿಂದ ಹೇಳಿದ್ದು ನಿಜವೂ ಆಗಿರಬಹುದು. ಅವನ ಉದ್ದೇಶ ಕೆಟ್ಟದ್ದು ಅನ್ನೋದು ವಿಷಯವನ್ನು ತಳ್ಳಿಹಾಕೋಕೆ ನೆಪ ಆಗಬಾರದು. ಜಾಸ್ತಿ ಪರೀಕ್ಷೆ ಮಾಡಿ, ಅಷ್ಟೇ.

ನಮ್ಮ ಅಡತ್ (ಕಮಿಷನ್ ಏಜೆಂಟ್) ಅಂಗಡಿಯವರು ಅಪ್ಪನ ಕಾಲದಿಂದ ನಮ್ಮ ಮನೆಯವರ ಹಾಗೆ. ಈಗ ತೂಕದಲ್ಲಿ ಮೋಸ ಅಂತ ಗೊತ್ತಾಗಿದೆ. ಏನು ಮಾಡಲಿ?

ತೊಗರಿ ಸೀಸನ್ ಮುಗಿಯುತ್ತಿದ್ದಂತೆ ಈ ಪ್ರಶ್ನೆ ಬರುತ್ತೆ. ಕೇಳೋದು ಅಪ್ಪ ಅಲ್ಲ, ಓದಿರುವ ಮಗ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ ಮಾನ್ಯತೆ (ಇದು ಈ ಊರಿನದೇ ವಿಶೇಷ ಅನ್ನುವ ಗುರುತು) ಬಂತು, ಊರೆಲ್ಲ ಖುಷಿಪಟ್ಟಿತು. ಆದರೆ ಕಾಳು ಮಾರುವ ಪೇಟೆಯಾದ ಗಂಜ್‌ನಲ್ಲಿ ಬಿಳಿ ಚೀಟಿ ಇನ್ನೂ ಹೋಗಿಲ್ಲ.

ಬಿಳಿ ಚೀಟಿ ನೋಡದವರಿಗೆ ಹೇಳ್ತೀನಿ. ಅಂಗೈಯಷ್ಟಗಲದ ಕಾಗದ. ಮೇಲೆ ಅಂಗಡಿ ಹೆಸರಿರಲ್ಲ, ನಂಬರ್ ಇರಲ್ಲ. ಚೀಲ ಎಷ್ಟು, ತೂಕ ಎಷ್ಟು, ರೇಟು ಎಷ್ಟು ಅಂತ ಪೆನ್ನಲ್ಲಿ ಗೀಚಿರುತ್ತೆ. ಕೆಳಗೆ ಹಮಾಲಿ, ಕಮಿಷನ್ ಅಂತ ಕಳೆದು, ಮುಂಗಡ ಕಳೆದು, ಕೊನೆಗೊಂದು ಅಂಕೆ, ಅದರ ಕೆಳಗೆ ಎರಡು ಗೆರೆ. ಆ ಎರಡು ಗೆರೆ ಎಳೆದ ಮೇಲೆ ನಮ್ಮ ಹಿರಿಯರು ಮಾತಾಡುತ್ತಿರಲಿಲ್ಲ. ಕಮಿಷನ್ ರೈತನಿಂದ ಹಿಡಿಯುವ ಹಾಗಿಲ್ಲ, ಖರೀದಿದಾರ ಕೊಡಬೇಕು, ಅದು ನಿಯಮ. ತೂಕದಲ್ಲಿ ಸೂಟ್ ಅಂತ ಕ್ವಿಂಟಲ್‌ಗೆ ಇಷ್ಟು ಅಂತ ಕಳೆಯೋದೂ ಹಾಗೇ, ಕಳೆಯುವ ಹಾಗಿಲ್ಲ. ಕ್ವಿಂಟಲ್‌ಗೆ ಒಂದೇ ಕೆಜಿ ಅಂದರೂ 40 ಕ್ವಿಂಟಲ್‌ಗೆ 40 ಕೆಜಿ. ಪ್ರತಿ ವರ್ಷ.

ಮಗ ಹೇಳುವ ಲೆಕ್ಕ ಸರಿ ಇದೆ. ಆದರೆ ಅಪ್ಪ ಹೇಳೋದೂ ಸುಳ್ಳಲ್ಲ: "ನಿಮ್ಮವ್ವಗ ರಾತ್ರಿ ದವಾಖಾನಿಗೆ ಒಯ್ದಾಗ ರೊಕ್ಕ ಕೊಟ್ಟಾಂವ ಯಾರು? ನಿನ್ನ ಫೀಸ್ ಕಟ್ಟಿದಾಂವ ಯಾರು?" ಅದೂ ಅದೇ ಅಂಗಡಿಯವರು. ಜನ ಇಲ್ಲಿ ಯಾವುದೋ ಒಂದು ನಿಜ, ಇನ್ನೊಂದು ನಾಟಕ ಅಂತ ತೀರ್ಮಾನ ಮಾಡೋಕೆ ಹೋಗುತ್ತಾರೆ. ನನ್ನ ಮಟ್ಟಿಗೆ ಹೇಳಬೇಕಂದರೆ ಎರಡೂ ನಿಜ. ಆ ಸಾವಕಾರರು ಕಷ್ಟಕ್ಕೆ ಆಗುವ ಮನುಷ್ಯ, ತೂಕದಲ್ಲಿ ಕೈ ಹಾಕುವ ಮನುಷ್ಯ ಕೂಡ. ನಾವು ಒಬ್ಬರನ್ನು ನಂಬುವುದು ಇಡಿಯಾಗಿ ಅಂದುಕೊಳ್ಳುತ್ತೇವೆ, ಆದರೆ ನಿಜಕ್ಕೂ ನಂಬಿರುವುದು ಒಂದೊಂದು ವಿಷಯಕ್ಕೆ. ಆಪತ್ತಿಗೆ ಆಗ್ತಾರಾ? ಹೌದು. ತೂಕಕ್ಕೆ? ಇಲ್ಲ. ಹೊಸ ವಿಷಯ ಗೊತ್ತಾದಾಗ ಯಾವ ನಂಬಿಕೆ ಹೋಗಿದೆ ಅಂತ ನೋಡಿ, ಉಳಿದದ್ದು ತಾನಾಗೇ ಹೋಗಬೇಕಾಗಿಲ್ಲ.

ಇಲ್ಲಿ ಇನ್ನೊಂದು ಇದೆ, ಅದು ಸ್ವಲ್ಪ ಕಹಿ. ಅಪ್ಪ ಯಾಕೆ ಇಷ್ಟು ವರ್ಷ ಬೇರೆ ಕಡೆ ತೂಕ ಹಾಕಿಸಿ ನೋಡಲಿಲ್ಲ? ಮುಂಗಡ ತಗೊಂಡಿದ್ದರು. ಬೀಜಕ್ಕೆ, ಗೊಬ್ಬರಕ್ಕೆ, ಮಗಳ ಮದುವೆಗೆ. ಬಿಟ್ಟು ಹೋಗುವ ದಾರಿ ಇಲ್ಲದಿದ್ದಾಗ ನಿಜ ತಿಳಿದುಕೊಂಡು ಏನು ಮಾಡೋದು ಅಂತ ಮನಸ್ಸು ತಾನೇ ಕಣ್ಣು ಮುಚ್ಚಿಕೊಳ್ಳುತ್ತೆ. ನಾವು ಯಾರ ಹಂಗಿನಲ್ಲಿದ್ದೇವೋ ಅವರ ಬಗ್ಗೆ ಬರುವ ಸುದ್ದಿಯನ್ನೇ ಎಲ್ಲಕ್ಕಿಂತ ಕಡಿಮೆ ನಂಬುತ್ತೇವೆ. ಹಾಗಾಗಿ ಅಪ್ಪನಿಗೆ ದಡ್ಡ ಅನ್ನಬೇಡಿ.

ಈಗ ಮಾಡಬೇಕಾದ್ದು: ಮುಂದಿನ ಸಲ ಗಂಜ್‌ಗೆ ಹೋಗುವ ಮುಂಚೆ ವೇ ಬ್ರಿಡ್ಜ್‌ನಲ್ಲಿ ಗಾಡಿ ತೂಕ ಹಾಕಿಸಿ ಚೀಟಿ ಇಟ್ಟುಕೊಳ್ಳಿ, ಖಾಲಿ ಗಾಡಿದೂ ಸೇರಿಸಿ. ಅಂಗಡಿಯಲ್ಲಿ ನಂಬರ್ ಇರುವ ಬಿಲ್ ಕೇಳಿ. ಕೊಡದಿದ್ದರೆ ಎಪಿಎಂಸಿ ಕಾರ್ಯದರ್ಶಿಗೆ ಬರೆದು ಕೊಡಿ. ಮುಂಗಡ ಬಾಕಿ ಇದ್ದರೆ ಮೊದಲು ಅದು ಎಷ್ಟು, ಬಡ್ಡಿ ಎಷ್ಟು ಅಂತ ಬರೆಸಿಕೊಳ್ಳಿ. ಈ ಒಂದು ಕೆಲಸ ಜಗಳಕ್ಕಿಂತ ಮುಂಚೆಯೇ ಆಗಬೇಕು, ಆಮೇಲೆ ಆಗೋದಿಲ್ಲ.

ಭಿಶಿ (ಚೀಟಿ ಹಣ) ನಡೆಸುವ ಅಕ್ಕ ಈ ತಿಂಗಳು ದುಡ್ಡು ಕೊಡಲಿಲ್ಲ. ಮೋಸನಾ?

ಒಂದು ತಿಂಗಳು ತಡ ಆದ ಮಾತ್ರಕ್ಕೆ ಮೋಸ ಅಲ್ಲ, ಯಾರೋ ಕಂತು ಕಟ್ಟದೇ ಇರಬಹುದು. ಹಳೇ ಚೀಟಿಯವರಿಗೆ ಕೊಡೋಕೆ ಅಂತ ಹೊಸ ಚೀಟಿ ಶುರು ಮಾಡಿದ್ದರೆ ಅದು ಬೇರೆ ಮಾತು, ಅಲ್ಲಿ ದುಡ್ಡು ಇಲ್ಲ ಅಂತಲೇ ಅರ್ಥ. ಅವರು ಒಳ್ಳೆಯವರಾ ಅಂತ ಕೇಳುತ್ತಾ ಕೂರಬೇಡಿ. ಒಳ್ಳೆಯವರ ಭಿಶಿಯೂ ಮುಳುಗುತ್ತೆ. ಪುಸ್ತಕ ತೋರಿಸ್ತಾರಾ ಕೇಳಿ. ದೊಡ್ಡ ಮೊತ್ತದ ಚೀಟಿಯಾದರೆ 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ನೋಂದಣಿ ಇದೆಯಾ ನೋಡಿ.

ಅವರನ್ನು ಕೇಳೋದು ಹೇಗೆ? ನೇರ ಕೇಳಿದರೆ ಸಂಬಂಧ ಹಾಳಾಗುತ್ತೆ.

ಕೇಳದೇ ಇದ್ದರೂ ಹಾಳಾಗುತ್ತೆ, ನಿಧಾನಕ್ಕೆ. ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ, ನಾಲ್ಕು ಜನರ ಮುಂದೆ ಕೇಳಬೇಡಿ. ಮರ್ಯಾದೆ ಹೋಗುತ್ತೆ ಅಂದಾಗ ತಪ್ಪಿಲ್ಲದವನೂ ಸುಳ್ಳು ಹೇಳುತ್ತಾನೆ. ಮನೆಗೆ ಹೋಗಿ, ಚಹಾ ಕುಡಿದು, ಕಾಗದ ಮುಂದಿಟ್ಟು, "ಕಾಕಾ, ಇದು ನಂಗ ತಿಳೀಲಿಲ್ಲ, ಸ್ವಲ್ಪ ತಿಳಿಸಿ ಹೇಳ್ರಿ" ಅನ್ನಿ. ಆಮೇಲೆ ಸುಮ್ಮನಿರಿ. ಇದು ಕಷ್ಟ. ಜನ ಪ್ರಶ್ನೆ ಕೇಳಿ ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ.

ಸಿಟ್ಟು ಬಂದರೆ ಅದು ತಪ್ಪಿನ ಗುರುತು ಅಂತ ತಿಳಿಯಬೇಡಿ. ನಂಬಿದವರು ಸಂಶಯ ಪಟ್ಟರೆ ಯಾರಿಗಾದರೂ ಸಿಟ್ಟು ಬರುತ್ತೆ. ನಾನು ನೋಡೋದು ಬೇರೆ: ಸಿಟ್ಟು ಇಳಿದ ಮೇಲೆ ಲೆಕ್ಕ ತೋರಿಸಿದರಾ, ಇಲ್ಲಾ "ನಿನಗೆ ಹೇಳಿಕೊಟ್ಟವರು ಯಾರು" ಅನ್ನೋದರ ಸುತ್ತಲೇ ಸುತ್ತಿದರಾ?

ಸುದ್ದಿ ಸುಳ್ಳು ಅಂತ ಗೊತ್ತಾಯ್ತು. ಆದರೂ ಮೊದಲಿನ ಹಾಗೆ ಮಾತಾಡೋಕೆ ಆಗ್ತಿಲ್ಲ.

ಇದಕ್ಕೂ 1975ರದ್ದೇ ಒಂದು ಪ್ರಯೋಗ ಇದೆ, ಲೀ ರಾಸ್ ಅನ್ನೋ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಯವರದು. ಆತ್ಮಹತ್ಯೆಗೆ ಮುಂಚೆ ಬರೆದಿಟ್ಟ ಪತ್ರಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು ಅಂತ ಗುರುತಿಸುವ ಕೆಲಸ ಕೊಟ್ಟು, ಕೆಲವರಿಗೆ ನೀವು ಚೆನ್ನಾಗಿ ಮಾಡಿದಿರಿ ಅಂತ, ಕೆಲವರಿಗೆ ಕೆಟ್ಟದಾಗಿ ಮಾಡಿದಿರಿ ಅಂತ ಹೇಳಿದರು. ಆಮೇಲೆ ನಾವು ಹೇಳಿದ್ದು ಸುಳ್ಳು, ಮೊದಲೇ ಬರೆದಿಟ್ಟುಕೊಂಡದ್ದು ಅಂತಲೂ ತಿಳಿಸಿದರು. ಆದರೂ ಮೊದಲ ಮಾತಿನ ಪರಿಣಾಮ ಪೂರ್ತಿ ಹೋಗಲಿಲ್ಲ. ಕಾರಣ ಸರಳ: ಸುದ್ದಿ ಬಂದ ತಕ್ಷಣ ಮನಸ್ಸು ಅದಕ್ಕೆ ತಕ್ಕ ಕಾರಣಗಳನ್ನು ಹುಡುಕಿಟ್ಟುಕೊಂಡಿರುತ್ತೆ. ಸುದ್ದಿ ಹೋದರೂ ಕಾರಣಗಳು ಉಳಿಯುತ್ತವೆ.

ಉಪಾಯ ಏನಂದರೆ, ಆ ಹುಡುಕಿಟ್ಟ ಕಾರಣಗಳನ್ನು ಒಂದೊಂದಾಗಿ ತೆಗೆದು ನೋಡೋದು. ಮಾವ ದುಡ್ಡು ಹೊಡೆದಿಲ್ಲ ಅಂತ ಆಯ್ತು, ಸರಿ. "ಆದರೂ ಅವರು ಮೊದಲಿಂದ ಜಿಪುಣರು" ಅಂತ ಒಂದು ಕಾರಣ ಮನಸ್ಸಲ್ಲಿ ಕೂತಿರುತ್ತಲ್ಲ, ಅದು ಸುದ್ದಿಗಿಂತ ಮುಂಚೆ ನಿಮಗೆ ಅನ್ನಿಸಿತ್ತಾ? ಇಲ್ಲ ಅಂದರೆ ಅದನ್ನೂ ಬಿಡಿ. ನೀವು ನಾಲ್ಕು ಜನಕ್ಕೆ ಹೇಳಿಬಿಟ್ಟಿದ್ದರೆ ಆ ನಾಲ್ಕೂ ಜನಕ್ಕೆ ಮತ್ತೆ ಫೋನ್ ಮಾಡಿ ಸುಳ್ಳು ಅಂತ ಹೇಳಿ. ಇದನ್ನು ಮಾಡುವವರು ಬಹಳ ಕಮ್ಮಿ.

ತೀರಿಹೋದವರ ಬಗ್ಗೆ ಗೊತ್ತಾದರೆ?

ಇದು ಎಲ್ಲಕ್ಕಿಂತ ಕಷ್ಟ, ಯಾಕಂದರೆ ಕೇಳೋಕೆ ಅವರಿಲ್ಲ. ದಿನಕರ್ಮ ಮುಗಿದ ಮೇಲೆ ಟ್ರಂಕ್ ತೆಗೆಯುತ್ತಾರೆ. ಬಟ್ಟೆಯಲ್ಲಿ ಸುತ್ತಿದ ಹಳೇ ಪಹಣಿ, ನಿಜಾಮರ ಕಾಲದ ಉರ್ದು ಕಾಗದ, ಅದರ ಕೆಳಗೆ ಯಾರಿಗೂ ಗೊತ್ತಿಲ್ಲದ ಸಾಲದ ನೋಟಿಸು, ಇಲ್ಲಾ ಇನ್ಯಾರದೋ ಹೆಸರಿಗೆ ತಿಂಗಳು ತಿಂಗಳು ಕಳಿಸಿದ ಮನಿ ಆರ್ಡರ್ ರಸೀದಿ. ರಸೀದಿ ನೋಡಿದ ಕೂಡಲೇ ಮನೆಯವರ ಮುಖ ಬದಲಾಗುತ್ತೆ, ಎಲ್ಲರೂ ಒಂದೇ ಕಥೆ ಕಟ್ಟುತ್ತಾರೆ, ಬಾಯಿ ಬಿಟ್ಟು ಯಾರೂ ಹೇಳೋದಿಲ್ಲ. ಆ ಹೆಸರಿನವರು ಬದುಕಿದ್ದರೆ ಹುಡುಕಿ ಮಾತಾಡಿಸಿ. ಹಳೇ ಸ್ನೇಹಿತನ ವಿಧವೆ ಇರಬಹುದು. ನೀವು ಅಂದುಕೊಂಡದ್ದೇ ಇರಬಹುದು.

ಸಾಲದ ಬಗ್ಗೆ ಮಾತ್ರ ಒಂದು ಮಾತು: ಅಪ್ಪನ ಸಾಲ ಅವರು ಬಿಟ್ಟುಹೋದ ಆಸ್ತಿಯಿಂದ ತೀರಬೇಕಾದ್ದು. ಯಾರೋ ಬಂದು ಜೋರು ಮಾಡಿದರು ಅಂತ ನಿಮ್ಮ ಹೆಸರಲ್ಲಿ ಹೊಸ ಬಾಂಡ್ ಬರೆದುಕೊಡಬೇಡಿ. ಮೊದಲು ಅವರ ಹತ್ತಿರ ಏನು ಕಾಗದ ಇದೆ ನೋಡಿ.

ಗುರುಗಳ ಬಗ್ಗೆ, ಮುಖಂಡರ ಬಗ್ಗೆ ಗೊತ್ತಾದರೆ?

ಅವರು ಹೇಳಿಕೊಟ್ಟ ಒಳ್ಳೆಯ ಮಾತು ಒಳ್ಳೆಯದೇ. ಅವರ ತಪ್ಪು ತಪ್ಪೇ. "ಇಷ್ಟು ದೊಡ್ಡವರು ಹೀಗೆ ಮಾಡ್ತಾರಾ" ಅನ್ನೋದು ಉತ್ತರ ಅಲ್ಲ.

ಮಕ್ಕಳ ವಿಷಯ ಇದ್ದರೆ? ಮನೆಯಲ್ಲಿ ಹೊಡೆತ ಇದ್ದರೆ?

ಮೇಲೆ ಹೇಳಿದ ತಾಳ್ಮೆ ಇಲ್ಲಿ ಬೇಡ. ಮಗು ಒಬ್ಬ ದೊಡ್ಡವರ ಬಗ್ಗೆ ಹೆದರಿ ಏನೋ ಹೇಳಿದರೆ, ಅವರು ಎಷ್ಟೇ ನಂಬಿಕಸ್ಥರಿರಲಿ, ಮೊದಲು ಮಗುವನ್ನು ಅವರಿಂದ ದೂರ ಇಡಿ. ಮಗುವನ್ನು ಅವರ ಮುಂದೆ ನಿಲ್ಲಿಸಿ "ಹೌದಾ ಅಲ್ವಾ ಹೇಳು" ಅಂತ ಕೇಳಬೇಡಿ. ಹಿರಿಯರನ್ನು ಕೂರಿಸಿ ಪಂಚಾಯ್ತಿ ಮಾಡಬೇಡಿ. ಮಕ್ಕಳ ಮೇಲಿನ ಲೈಂಗಿಕ ಅಪರಾಧದ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಅಂತ 2012ರ ಪೋಕ್ಸೋ ಕಾಯ್ದೆಯ ಕಲಂ 19 ಹೇಳುತ್ತೆ. ಮಕ್ಕಳ ಸಹಾಯವಾಣಿ 1098, ಮಹಿಳೆಯರಿಗೆ 181, ತುರ್ತಿಗೆ 112.

ಎಲ್ಲರಿಗೂ ಗೊತ್ತಾಗೋ ಹಾಗೆ ಹಾಕಿಬಿಡಲಾ?

ಬೇಡ. ನಿಮ್ಮ ದುಡ್ಡು ಹೋಗಿದ್ದರೆ ದೂರು ಕೊಡಿ. ಗ್ರೂಪಿನಲ್ಲಿ ಫೋಟೋ ಹಾಕಿ ಕಳ್ಳ ಅಂತ ಬರೆದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 356ರ ಪ್ರಕಾರ ಮಾನಹಾನಿ ಕೇಸು ನಿಮ್ಮ ಮೇಲೇ ಬರಬಹುದು. ನಿಜ ಇದ್ದರೂ ಅದು ಸಾರ್ವಜನಿಕ ಹಿತಕ್ಕೆ ಅಂತ ತೋರಿಸಬೇಕಾಗುತ್ತೆ. ಅದೇ ವ್ಯಕ್ತಿಗೆ ದುಡ್ಡು ಕೊಡಲು ಹೊರಟ ತಮ್ಮನಿಗೆ "ನನಗೆ ಹೀಗಾಯ್ತು, ಕಾಗದ ಇಲ್ಲಿದೆ, ನೋಡ್ಕೊ" ಅಂತ ಹೇಳೋದು ಬೇರೆ. ಅದನ್ನು ಹೇಳಲೇಬೇಕು.

ಅವರು ತಪ್ಪು ಒಪ್ಪಿಕೊಂಡರು. ಮತ್ತೆ ನಂಬಬಹುದಾ?

ನಾವು ಹಿಡಿದ ಮೇಲೆ ಒಪ್ಪಿಕೊಂಡರಾ, ತಾವೇ ಬಂದು ಹೇಳಿದರಾ? ನಿಮಗೆ ಗೊತ್ತಿದ್ದಷ್ಟೇ ಒಪ್ಪಿಕೊಂಡರಾ, ಗೊತ್ತಿಲ್ಲದ್ದನ್ನೂ ಹೇಳಿದರಾ? ಎರಡನೆಯ ಥರದವರು ಸಿಕ್ಕರೆ ಹೊಟ್ಟೆಗೆ ಹಾಕಿಕೊಳ್ಳಿ ಅಂತಲೇ ನಾನು ಹೇಳೋದು. ಆದರೆ ಮನಸ್ಸಿನಿಂದ ಕ್ಷಮಿಸೋದು ಬೇರೆ, ಮತ್ತೆ ಬೀಗದ ಕೈ ಕೊಡೋದು ಬೇರೆ. ಕ್ಷಮಿಸಿದ್ದೇವೆ ಅಂತ ತೋರಿಸೋಕೆ ಜನ ಎರಡನೇ ಸಲ ಸಾಲ ಕೊಡುತ್ತಾರೆ. ಯಾಕೆ?

ಉಲ್ಟಾ ಆಗೋದಿಲ್ವಾ? ಕೆಟ್ಟವರು ಅಂದುಕೊಂಡವರು ಒಳ್ಳೆಯವರು ಅಂತ?

ಆಗುತ್ತೆ, ಆದರೆ ಅದಕ್ಕೆ ಯಾರೂ ನನ್ನ ಹತ್ತಿರ ಬಂದು ಅರ್ಜಿ ಬರೆಸೋದಿಲ್ಲ. ಪಾಲು ಮಾಡುವಾಗ ಜಗಳ ತೆಗೆದ ದೊಡ್ಡಪ್ಪ, ವರ್ಷಗಟ್ಟಲೆ ಅಜ್ಜಿಯ ಔಷಧಿ ಬಿಲ್ ಕಟ್ಟಿದ್ದು ಅಂಗಡಿಯವನ ಬಾಯಿಂದ ಗೊತ್ತಾಗುತ್ತೆ. ಇಂಥ ಸುದ್ದಿ ಬಂದರೆ ಮನಸ್ಸು "ಏನೋ ಲಾಭ ಇರ್ಬೇಕು" ಅಂತ ತಳ್ಳಿಹಾಕುತ್ತೆ, ಕೆಟ್ಟ ಸುದ್ದಿಗೆ ಕೇಳದೇ ಇದ್ದ ಪುರಾವೆಯನ್ನೆಲ್ಲ ಒಳ್ಳೆಯದಕ್ಕೆ ಕೇಳುತ್ತೆ.

ಕೊನೇದಾಗಿ: ನಂಬಿ ಕೈಸಾಲ ಕೊಟ್ಟಿದ್ದೆ, ಈಗ ಕೊಟ್ಟೇ ಇಲ್ಲ ಅಂತಿದ್ದಾರೆ.

ಸಾಮಾನ್ಯವಾಗಿ ಸಾಲ ಕೊಟ್ಟ ದಿನದಿಂದ 3 ವರ್ಷದೊಳಗೆ ದಾವೆ ಹಾಕಬೇಕು. ಆ ಅವಧಿ ಮುಗಿಯುವ ಮುಂಚೆ "ಇಷ್ಟು ಬಾಕಿ ಇದೆ" ಅಂತ ಅವರು ಬರೆದು ಸಹಿ ಹಾಕಿದರೆ ಅಲ್ಲಿಂದ ಮತ್ತೆ 3 ವರ್ಷ. ಅವಧಿ ದಾಟಿದ್ದರೂ ಅವರು ಬರವಣಿಗೆಯಲ್ಲಿ ಕೊಡ್ತೀನಿ ಅಂತ ಒಪ್ಪಿ ಸಹಿ ಹಾಕಿದರೆ ಅದಕ್ಕೆ ಬೆಲೆ ಇದೆ. ಬ್ಯಾಂಕಿನಿಂದ, ಫೋನ್‌ಪೇಯಿಂದ ಹೋದ ದುಡ್ಡಾದರೆ ಸ್ಟೇಟ್‌ಮೆಂಟ್ ತೆಗೆಸಿಡಿ. ನಗದು ಕೊಟ್ಟಿದ್ದರೆ ಅವತ್ತು ಜೊತೆಗಿದ್ದವರು ಯಾರು ಅಂತ ಇವತ್ತೇ ಬರೆದಿಟ್ಟುಕೊಳ್ಳಿ. ಮತ್ತೆ ದಯವಿಟ್ಟು ತಾರೀಖು ದಾಟಿದ ಮೇಲೆ ಬರಬೇಡಿ, ಮೊದಲೇ ಬನ್ನಿ.